ನಾಯಿಮರಿ ರಾತ್ರಿ ಏಕೆ ಅಳುತ್ತದೆ?

ಹೊಸದಾಗಿ ಮನೆಗೆ ತಂದ ನಾಯಿಮರಿ ಹಗಲೆಲ್ಲ ಕುಣಿದಾಡಿ, ಕತ್ತಲಾಗುತ್ತಲೇ ಅಳಲಾರಂಭಿಸುತ್ತದೆ. ದೀಪ ಆರಿಸಿ ಮನೆಮಂದಿ ಮಲಗಿದ ಮೇಲಂತೂ ಅದರ ಕೂಗು ಇಡೀ ಕೇರಿಯನ್ನು ಎಬ್ಬಿಸುವಷ್ಟಾಗುತ್ತದೆ. ಅದು ಏಕೆ ಅಳುತ್ತದೆ? ಪ್ರಶ್ನೆ ಮೇಲ್ನೋಟಕ್ಕೆ ಬಾಲಿಶವೆಂದು ತೋರಬಹುದು. ತಾಯಿಯನ್ನು ಬಿಟ್ಟು ಬಂದಿದೆ, ಅದಕ್ಕೇ ಅಳುತ್ತದೆ ಎಂದು ಯಾರಾದರೂ ಹೇಳಿಯಾರು. ಉತ್ತರ ತಪ್ಪಲ್ಲ. ಆದರೆ ತಾಯಿಯನ್ನು ಬಿಟ್ಟು ಬಂದುದರಿಂದ ಮರಿ ಕಳೆದುಕೊಂಡದ್ದು ಏನನ್ನು? ಹಾಲನ್ನೇ, ಬಿಸುಪನ್ನೇ, ಸಹವಾಸವನ್ನೇ? ಹೀಗೆ ಬಿಡಿಸಿ ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬಾಯಿಗೆ ಬರುವುದಿಲ್ಲ. ಬಿಡಿಸಿ ಕೇಳದೆ ಹೋದುದರಿಂದ ಒದಗಿದ ಅನಾಹುತವೊಂದನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇವೆ.

ನಮಗಾಗ ಹತ್ತು ವರ್ಷ. ಮಾರ್ಗಶಿರ ಮಾಸದ ಚಳಿ. ಊರ ಹೊರಗಿನ ಹಾಳು ಮಂಟಪದಲ್ಲಿ ಬೀದಿನಾಯಿಯೊಂದು ಮರಿ ಹಾಕಿದೆಯೆಂಬ ಸುದ್ದಿ ಕೇಳಿ ಗೆಳೆಯರೊಡನೆ ಹೋಗಿ, ತಾಯಿ ಇಲ್ಲದ ಹೊತ್ತು ನೋಡಿ, ಒಂದು ಮರಿಯನ್ನು ಎತ್ತಿಕೊಂಡು ಬಂದೆವು. ಆಗತಾನೇ ಕಣ್ಣು ಬಿಟ್ಟಿದ್ದ ಮರಿ. ಎರಡು ವಾರಕ್ಕೆ ಮಿಗಿಲಾದ ವಯಸ್ಸು ಅದಕ್ಕಿರಲಾರದು. ಮನೆಯವರು ಬೈದರಾದರೂ ಹೊರಗೆ ಹಾಕಲಿಲ್ಲ. ಒಳಲೆಯಲ್ಲಿ ಹಸುವಿನ ಹಾಲು ಕುಡಿಸಿದರು. ರಾತ್ರಿ ಅದನ್ನು ಕೊಟ್ಟಿಗೆಯಲ್ಲಿ ಮಂಕರಿಯ ಕೆಳಗೆ ಮುಚ್ಚಿ, ಬೆಕ್ಕು ಬಾರದಿರಲೆಂದು ಮೇಲೊಂದು ಕಲ್ಲು ಹೇರಿ ಮಲಗಿದೆವು. ನಡುರಾತ್ರಿಯವರೆಗೆ ಕೇಳಿಸುತ್ತಿದ್ದ ಕೀರಲು ದನಿ ಆಮೇಲೆ ನಿಂತಿತು. ಹೊಟ್ಟೆ ತುಂಬಿದ ಮರಿ ಮಲಗಿತೆಂದೇ ಎಲ್ಲರೂ ತಿಳಿದೆವು. ಬೆಳಿಗ್ಗೆ ಮಂಕರಿ ಎತ್ತಿ ನೋಡಿದರೆ ಮರಿ ಸೆಟೆದುಹೋಗಿತ್ತು. ಅಜ್ಜಿ ದೃಷ್ಟಿಯಾಯಿತೆಂದರು. ಸೋದರಮಾವ ಹಸುವಿನ ಹಾಲು ಒಗ್ಗಲಿಲ್ಲವೆಂದರು. ಅದು ಸತ್ತದ್ದು ಬಹುಶಃ ಎರಡರಿಂದಲೂ ಅಲ್ಲ, ಕೇವಲ ಮೇಲ್ಮೈಯ ಲೆಕ್ಕದಿಂದ ಎಂಬುದು ನಮಗೆ ತಿಳಿದದ್ದು ಕಾಲೇಜಿಗೆ ಬಂದ ಮೇಲೆ.

ಆ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಕೊಡುತ್ತೇವೆ. ಪ್ರಾಣಿಯ ಮೈಯಲ್ಲಿ ಶಾಖ ಹುಟ್ಟುವುದು ಅದರ ಮಾಂಸಖಂಡ, ಯಕೃತ್ತು ಮೊದಲಾದ ಒಳಭಾಗಗಳಲ್ಲಿ. ಅದು ಹೊರಗೆ ಹೋಗುವುದು ಮೇಲ್ಮೈಯಿಂದ. ಒಂದೇ ಆಕಾರದ ಎರಡು ವಸ್ತುಗಳಲ್ಲಿ ಒಂದರ ಉದ್ದ, ಅಗಲ, ಎತ್ತರ ಇನ್ನೊಂದರ ನಾಲ್ಕರಷ್ಟಿದ್ದರೆ ಅದರ ತೂಕ ಅರವತ್ತನಾಲ್ಕರಷ್ಟಾಗುತ್ತದೆ, ಮೇಲ್ಮೈ ಹದಿನಾರರಷ್ಟು ಮಾತ್ರ ಆಗುತ್ತದೆ. 19 ಕಿಲೋಗ್ರಾಂ ತೂಗುವ ತಾಯಿನಾಯಿಯನ್ನೂ 300 ಗ್ರಾಂ ತೂಗುವ ಎಳೆಯ ಮರಿಯನ್ನೂ ಹೋಲಿಸಿದರೆ ತೂಕದ ಪ್ರಮಾಣ ಹೆಚ್ಚುಕಡಮೆ ಇದೇ ಅರವತ್ತನಾಲ್ಕು. ಎಂದರೆ, ಮರಿಯ ಮೈಯ ಒಂದೊಂದು ಗ್ರಾಮಿಗೂ ಶಾಖ ಸೋರಿಹೋಗಲು ತಾಯಿಗಿರುವುದರ ನಾಲ್ಕು ಪಟ್ಟು ಬಾಗಿಲು ತೆರೆದಿರುತ್ತದೆ. ಇದರ ಮೇಲೆ ಇನ್ನೊಂದು ಕೊರತೆಯೂ ಉಂಟು. ಬೆಳೆದ ನಾಯಿಯ ಮೈಯ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಹುಟ್ಟಿದ ಮೊದಲ ವಾರದಲ್ಲಿ ಮರಿಯ ಉಷ್ಣತೆ 35–36ರ ಆಸುಪಾಸಿನಲ್ಲಿರುತ್ತದೆ. ಚಳಿಯಾದರೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಆಗ ಅದಕ್ಕಿಲ್ಲ. ತನ್ನ ಉಷ್ಣತೆಯನ್ನು ತಾನೇ ಕಾಪಾಡಿಕೊಳ್ಳಲು ಮರಿಗೆ ನಾಲ್ಕು ವಾರವಾದರೂ ಆಗಬೇಕು. ಮೈ ತಣ್ಣಗಾದ ಮರಿಗೆ ಕುಡಿಸಿದ ಹಾಲು ಜೀರ್ಣವಾಗುವುದೂ ಇಲ್ಲ. ಆದುದರಿಂದ ತಬ್ಬಲಿ ಮರಿ ಸಿಕ್ಕಿದಾಗ ಮೊದಲು ಮೈ ಬೆಚ್ಚಗೆ ಮಾಡಿ ಆಮೇಲೆ ಹಾಲು ಕೊಡಬೇಕು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ.

ಹಾಗಾದರೆ ಮಂಟಪದ ಕಲ್ಲಿನ ಮೇಲೆ, ಅದೇ ಚಳಿಯಲ್ಲಿ, ತಾಯಿ ಆಹಾರ ಹುಡುಕಲು ಹೋದ ಹೊತ್ತಿನಲ್ಲಿ ಉಳಿದ ಮರಿಗಳು ಹೇಗೆ ಬದುಕಿದ್ದವು? ಅವು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಇದಕ್ಕೂ ಒಂದು ಲೆಕ್ಕವಿದೆ. ವಾಚಕರು ಎಂಟು ಸಕ್ಕರೆ ಅಚ್ಚುಗಳನ್ನು ತೆಗೆದುಕೊಂಡು ಮೇಜಿನ ಮೇಲೆ ಬಿಡಿಬಿಡಿಯಾಗಿ ಇಡಲಿ. ಒಂದೊಂದಕ್ಕೂ ಆರು ಮುಖ, ಒಟ್ಟು ನಾಲ್ವತ್ತೆಂಟು. ಈಗ ಎಂಟನ್ನೂ ಎರಡೆರಡಾಗಿ ಜೋಡಿಸಿ ಒಂದೇ ದೊಡ್ಡ ಘನ ಮಾಡಿ ಹೊರಗೆ ಕಾಣುವ ಮುಖಗಳನ್ನು ಎಣಿಸಲಿ. ಇಪ್ಪತ್ತನಾಲ್ಕು ಮಾತ್ರ. ಪ್ರತಿ ಅಚ್ಚಿಗೂ ಮೂರು ಮುಖ ಹೊರಗೆ, ಮೂರು ಮುಖ ಒಡಹುಟ್ಟಿದವರ ಮೈಗೆ ಅಂಟಿಕೊಂಡು ಒಳಗೆ. ಗುಂಪಿನಿಂದ ಒಂದನ್ನು ಕಿತ್ತು ತಂದೊಡನೆ ಅದರ ಆರು ಮುಖವೂ ಗಾಳಿಗೆ ತೆರೆದುಕೊಳ್ಳುತ್ತವೆ. ನಮ್ಮ ಬಾಲ್ಯದ ಮರಿಗೆ ಆದದ್ದು ಇದೇ. ಮಂಕರಿ ಬೆಕ್ಕನ್ನು ತಡೆಯಿತು. ಅದರ ಸಂದಿಗಳಲ್ಲಿ ನುಗ್ಗುವ ಗಾಳಿಯನ್ನು ತಡೆಯಲಿಲ್ಲ.

ಈ ನೆನಪು ಮನಸ್ಸಿನಲ್ಲಿ ಉಳಿದಿದ್ದುದರಿಂದಲೋ ಏನೋ, ಮಕ್ಕಳು ಎಷ್ಟು ಕಾಡಿದರೂ ನಾಯಿ ಸಾಕುವ ಮಾತನ್ನು ನಾವು ಬಹುಕಾಲ ಮುಂದೂಡುತ್ತಲೇ ಬಂದೆವು. ಕೊನೆಗೆ ಒಂದು ಡಿಸೆಂಬರಿನಲ್ಲಿ, ಪರಿಚಿತರೊಬ್ಬರ ತೋಟದ ಮನೆಯಿಂದ ಕಪ್ಪು ಹೆಣ್ಣು ಮರಿಯೊಂದು ನಮ್ಮ ಹಾಸನದ ಮನೆಗೆ ಬಂದಿತು. ಎಂಟು ವಾರ ತುಂಬಿದ ಮೇಲೆಯೇ ತರುವೆವೆಂದು ಹಟ ಹಿಡಿದು ಕಾದಿದ್ದೆವು. ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ಸರಿಯಾಗಿ ಎರಡು ಕಿಲೋಗ್ರಾಂ. ಹೆಸರು ಇಡುವ ಚರ್ಚೆಯಲ್ಲಿ ನಾವು ಆತಕೂರಿನ ಶಾಸನದ ಕಥೆ ಹೇಳಿದೆವು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949–50ರದು. ಗಂಗರ ಇಮ್ಮಡಿ ಬೂತುಗನು ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದ್ದು ರಾಜನ ಬೇಟೆನಾಯಿ ಕಾಳಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲಿನ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಲಾಗಿದೆ. ಕಥೆ ಮುಗಿಯುವಷ್ಟರಲ್ಲಿ ನಮ್ಮ ಮರಿಗೆ ಕಾಳಿಯೆಂಬ ಹೆಸರು ಖಾಯಂ ಆಗಿತ್ತು. ಹಲ್ಲಿಯನ್ನು ಕಂಡರೂ ಹಿಂದಕ್ಕೆ ಜಿಗಿಯುವ ಮರಿಗೆ ಆ ಹೆಸರು ತುಸು ಭಾರವೆಂದು ನಮ್ಮ ತಾಯಿ ನಕ್ಕರು.

ಮೊದಲ ರಾತ್ರಿ ನಾವು ತಪ್ಪು ಮಾಡಿದೆವು. ನಾಯಿ ಮನೆಯೊಳಗೆ ಮಲಗುವುದು ತಾಯಿಯವರಿಗೆ ಒಪ್ಪಿಗೆಯಿರಲಿಲ್ಲ. ಪಕ್ಕದ ಮನೆಯ ಹಿರಿಯರೂ ಬಂದು, "ಒಂದೆರಡು ರಾತ್ರಿ ಅಳುತ್ತೆ, ಆಮೇಲೆ ತಾನೇ ಸುಮ್ಮನಾಗುತ್ತೆ. ನೀವು ಮಾತ್ರ ಎದ್ದು ಹೋಗಬೇಡಿ, ಮೇಷ್ಟ್ರೇ" ಎಂದು ಅನುಭವದ ಮಾತು ಹೇಳಿದರು. ಹಿತ್ತಿಲ ಜಗುಲಿಯಲ್ಲಿ ಗೋಣಿಚೀಲ ಹಾಸಿ, ಮರದ ಪೆಟ್ಟಿಗೆಯಿಟ್ಟು, ಬಾಗಿಲು ಮುಚ್ಚಿ ಮಲಗಿದೆವು. ಗಡಿಯಾರ ನೋಡುತ್ತ ಎಣಿಸಿದೆವು: ಒಂದು ಗಂಟೆ ನಾಲ್ವತ್ತು ನಿಮಿಷ. ಅನಂತರ ಮೌನ. ಹಿರಿಯರ ಮಾತು ನಿಜವಾಯಿತೆಂದು ಮಗ್ಗುಲು ಬದಲಿಸುವಷ್ಟರಲ್ಲಿ, ಹಿಂದೊಮ್ಮೆ ಇಂಥದೇ ಮೌನವನ್ನು ಕೇಳಿದ್ದ ನೆನಪಾಯಿತು. ಟಾರ್ಚ್ ಹಿಡಿದು ಎದ್ದು ಹೋದೆವು. ಕಾಳಿ ಮಲಗಿರಲಿಲ್ಲ. ಪೆಟ್ಟಿಗೆಯನ್ನು ಬಿಟ್ಟು ಬಾಗಿಲ ಸಂದಿಗೆ ಮೂಗು ಒತ್ತಿಕೊಂಡು, ಬರಿಯ ಸಿಮೆಂಟು ನೆಲದ ಮೇಲೆ, ಕಣ್ಣು ತೆರೆದುಕೊಂಡೇ ನಡುಗುತ್ತ ಕುಳಿತಿತ್ತು. ಜಗುಲಿಯ ಉಷ್ಣತಾಮಾಪಕ 15 ಡಿಗ್ರಿ ತೋರಿಸುತ್ತಿತ್ತು.

ಅಳು ನಿಂತ ಮಾತ್ರಕ್ಕೆ ಸಂಕಟ ನಿಂತಿತೆಂದಲ್ಲ. ತಾಯಿಯಿಂದ ಅಗಲಿದ ಎಳೆಯ ಪ್ರಾಣಿ ಮೊದಲು ಕೂಗಿ ಕರೆಯುತ್ತದೆ. ಯಾರೂ ಬಾರದಿದ್ದರೆ ಕೂಗನ್ನು ನಿಲ್ಲಿಸಿ ಮುದುಡಿಕೊಳ್ಳುತ್ತದೆ. ಕೂಗುತ್ತಲೇ ಇದ್ದರೆ ಶಕ್ತಿ ವ್ಯಯವಾಗುವುದಲ್ಲದೆ ಬೇಟೆಯಾಡುವ ಮೃಗಕ್ಕೂ ಸುಳಿವು ಸಿಗುತ್ತದೆಯಾದ್ದರಿಂದ ಪ್ರಕೃತಿ ಈ ಎರಡನೆಯ ಘಟ್ಟವನ್ನು ಏರ್ಪಡಿಸಿರಬೇಕೆಂದು ಊಹಿಸಲಾಗಿದೆ. ಹಿರಿಯರು ಹೇಳಿದ "ತಾನೇ ಸುಮ್ಮನಾಗುತ್ತೆ" ಎಂಬ ಮಾತು ಒಂದು ವೀಕ್ಷಣೆಯಾಗಿ ಸರಿಯೇ; ಅದರಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲ.

ಆ ರಾತ್ರಿಯೇ ಪೆಟ್ಟಿಗೆ ನಮ್ಮ ಮಂಚದ ಪಕ್ಕಕ್ಕೆ ಬಂದಿತು. ತಾಯಿಯವರು ಏನೂ ಹೇಳಲಿಲ್ಲ. ತಮ್ಮ ಹಳೆಯ ಕಂಬಳಿಯ ತುಂಡೊಂದನ್ನು ಕೊಟ್ಟು ಹೋದರು.

ಈಗ ಪೆಟ್ಟಿಗೆಯೊಳಗಿನ ವಿಚಾರ. ಎಂಟು ವಾರದ ಮರಿ ನಡುಗಬಲ್ಲುದು. ಚಳಿಯಿಂದ ಸಾಯುವ ಅಪಾಯ ಅದಕ್ಕೆ ಅಷ್ಟಾಗಿಲ್ಲ. ಆದರೂ ನಿನ್ನೆಯವರೆಗೆ ಒಡಹುಟ್ಟಿದ ಮರಿಗಳ ಮೈಗೆ ಒತ್ತಿಕೊಂಡು ಮಲಗುತ್ತಿದ್ದ ಅದಕ್ಕೆ ಬಿಸುಪು ಬೇಕು. ಸಿಮೆಂಟು ನೆಲ ಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಭತ್ತದ ಹುಲ್ಲು, ಅದರ ಮೇಲೆ ಗೋಣಿ, ಅದರ ಮೇಲೆ ಕಂಬಳಿ, ಹೀಗೆ ಹಾಸಿದರೆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಶಾಖಕ್ಕೆ ತಡೆಯಾಗುತ್ತದೆ. ಇನ್ನು ಒಡಹುಟ್ಟಿದವರ ಸ್ಥಾನಕ್ಕೆ ಒಂದು ಸ್ಟೀಲ್ ಬಾಟಲಿಯಲ್ಲಿ ಒಂದು ಲೀಟರ್ ಬಿಸಿನೀರು ತುಂಬಿ, ಉಣ್ಣೆಯ ಬಟ್ಟೆ ಸುತ್ತಿ ಇಟ್ಟೆವು. ನಮ್ಮ ಮಗನು ಬಹಳ ಹೊತ್ತು ಬಿಸಿ ಉಳಿಯಲೆಂದು ಥರ್ಮಾಸ್ ಫ್ಲಾಸ್ಕನ್ನೇ ತಂದಿದ್ದನು! ಬಿಸಿಯನ್ನು ತನ್ನಲ್ಲೇ ಉಳಿಸಿಕೊಳ್ಳುವ ಪಾತ್ರೆ ಮರಿಗೆ ಏನನ್ನು ಕೊಟ್ಟೀತು? ಪಿ.ಯು. ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಅರ್ಧಕ್ಕರ್ಧ ವಿದ್ಯಾರ್ಥಿಗಳು ಫ್ಲಾಸ್ಕಿನ ಪಕ್ಷಕ್ಕೇ ನಿಂತರೆಂಬುದನ್ನು ಇಲ್ಲಿ ಹೇಳಿದರೆ ಅವರು ಮುನಿಸಿಕೊಳ್ಳಲಾರರು.

ಬಾಟಲಿಯ ಮೈಗೆ ಉಷ್ಣತಾಮಾಪಕ ಸಿಕ್ಕಿಸಿ ನೋಡಿದೆವು. ರಾತ್ರಿ ಹತ್ತು ಗಂಟೆಗೆ 48 ಡಿಗ್ರಿ; ಹನ್ನೆರಡಕ್ಕೆ 41; ಎರಡು ಗಂಟೆಗೆ 36. ಕೊಠಡಿಯ ಉಷ್ಣತೆ 20 ಡಿಗ್ರಿ. ಕೊಠಡಿಗಿಂತ ಎಷ್ಟು ಹೆಚ್ಚು ಎಂದು ಬರೆದುಕೊಂಡರೆ 28, 21, 16. ಪ್ರತಿ ಎರಡು ಗಂಟೆಗೆ ಆ ಹೆಚ್ಚಳ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತ ಬಂದಿದೆ. ನ್ಯೂಟನ್ನನು 1701ರಲ್ಲಿ ಪ್ರಕಟಿಸಿದ ತಂಪಾಗುವಿಕೆಯ ನಿಯಮ ಹೇಳುವುದು ಇದನ್ನೇ: ಸುತ್ತಲಿನ ಉಷ್ಣತೆಗಿಂತ ವಸ್ತು ಎಷ್ಟು ಬಿಸಿಯೋ ಅಷ್ಟು ವೇಗವಾಗಿ ಅದು ತಣ್ಣಗಾಗುತ್ತದೆ. ಇದರಿಂದ ಒಂದು ಎಚ್ಚರಿಕೆಯೂ ಸಿಗುತ್ತದೆ. ಹೆಚ್ಚು ಹೊತ್ತು ಉಳಿಯಲೆಂದು ಕುದಿಯುವ ನೀರು ಸುರಿಯಬಾರದು. ಆರಂಭದ ಗಂಟೆಯಲ್ಲಿ ಮರಿಯ ಮೈ ಸುಡುವ ಅಪಾಯ ದೊಡ್ಡದು. ಬಟ್ಟೆಯನ್ನು ಇನ್ನೊಂದು ಸುತ್ತು ಸುತ್ತುವುದು ಜಾಣತನ. ಬಿಸಿ ಹೆಚ್ಚೆನಿಸಿದರೆ ಮರಿ ದೂರ ಸರಿದು ಮಲಗಲು ಪೆಟ್ಟಿಗೆಯಲ್ಲಿ ಜಾಗವೂ ಇರಬೇಕು.

ನಾಲ್ಕು ಗಂಟೆಗಳಲ್ಲಿ ಆ ಒಂದು ಲೀಟರ್ ನೀರು ಬಿಟ್ಟುಕೊಟ್ಟ ಶಾಖ 12 ಕಿಲೋಕ್ಯಾಲೊರಿ. ಇದು ಎಷ್ಟರ ಮಟ್ಟಿನದು? ಪ್ರಾಣಿಗಳು ವಿಶ್ರಾಂತಿಯಲ್ಲಿದ್ದಾಗ ಹುಟ್ಟಿಸುವ ಶಾಖ ಅವುಗಳ ತೂಕದ ಮುಕ್ಕಾಲು ಘಾತಕ್ಕೆ ಅನುಗುಣವಾಗಿರುತ್ತದೆಂದು ಮ್ಯಾಕ್ಸ್ ಕ್ಲೈಬರ್ ಎಂಬ ವಿಜ್ಞಾನಿಯ 1932ರ ಪ್ರಬಂಧದಿಂದ ಮೊದಲುಗೊಂಡು ಲೆಕ್ಕ ಹಾಕುತ್ತ ಬಂದಿದ್ದಾರೆ. ಆ ಸೂತ್ರದಂತೆ ಎರಡು ಕಿಲೋಗ್ರಾಮಿನ ಪ್ರಾಣಿ ಗಂಟೆಗೆ ಸುಮಾರು 5 ಕಿಲೋಕ್ಯಾಲೊರಿ ಹುಟ್ಟಿಸಬೇಕು. ಬೆಳೆಯುವ ಮರಿಯಾದ್ದರಿಂದ ಇದಕ್ಕಿಂತ ಸಾಕಷ್ಟು ಹೆಚ್ಚೇ ಆಗುತ್ತದೆ. ಬಾಟಲಿ ಕೊಡುವುದು ಗಂಟೆಗೆ ಮೂರು. ಅದರಲ್ಲೂ ಬಹುಭಾಗ ಗಾಳಿಗೆ ಹೋಗುತ್ತದೆ. ಆದುದರಿಂದ ಬಾಟಲಿ ಮರಿಯನ್ನು ಬಿಸಿಮಾಡುತ್ತದೆ ಎನ್ನುವುದಕ್ಕಿಂತ, ಮರಿಯ ಒಂದು ಮಗ್ಗುಲಿನಿಂದ ಶಾಖ ಹೊರಹೋಗದಂತೆ ನೋಡಿಕೊಳ್ಳುತ್ತದೆ ಎನ್ನುವುದು ಸರಿ. ಸಕ್ಕರೆ ಅಚ್ಚಿನ ಒಂದು ಮುಖ ಮುಚ್ಚಿದಂತಾಯಿತು, ಅಷ್ಟೇ. ನಿಜವಾದ ಒಡಹುಟ್ಟಿದ ಮರಿಯಾದರೋ ಬೆಳಗಿನವರೆಗೂ 38 ಡಿಗ್ರಿಯಲ್ಲೇ ಇರುತ್ತಿತ್ತು.

ಬಿಸುಪು ಒದಗಿತು. ಹೊಟ್ಟೆಯೂ ತುಂಬಿತ್ತು. ಅಳು ನಿಂತಿತೇ? ನಾವು ಪಕ್ಕದ ಕೊಠಡಿಗೆ ಹೋದೊಡನೆ ಮತ್ತೆ ಆರಂಭವಾಯಿತು. ಹಿಂದಿರುಗಿ ಬಂದು ಪೆಟ್ಟಿಗೆಯೊಳಕ್ಕೆ ಕೈ ಇಳಿಬಿಟ್ಟರೆ ಎರಡು ನಿಮಿಷದಲ್ಲಿ ನಿಂತಿತು. ಭೌತವಿಜ್ಞಾನ ಇಲ್ಲಿಗೆ ಸಾಲದು; ಪ್ರಾಣಿಗಳ ನಡತೆಯನ್ನು ಅಭ್ಯಸಿಸಿದವರನ್ನೇ ಕೇಳಬೇಕು.

ಅಮೆರಿಕದ ಮೇನ್ ಪ್ರಾಂತದ ಬಾರ್ ಹಾರ್ಬರಿನಲ್ಲಿರುವ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬವರು ಅನೇಕ ವರ್ಷ ನಾಯಿಗಳನ್ನು ಸಾಕಿ ಗಮನಿಸಿ 1965ರಲ್ಲಿ ತಮ್ಮ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಕಾಲದಲ್ಲಿ ಮರಿ ಯಾರ ಸಂಗಡ ಇರುತ್ತದೆಯೋ ಅವರನ್ನು ತನ್ನವರೆಂದು ಕಲಿಯುತ್ತದೆ ಎಂಬುದು ಅವರ ನಿರ್ಣಯಗಳಲ್ಲಿ ಮುಖ್ಯವಾದುದು. ಅದೇ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬವರು 1961ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಎತ್ತರದ ಬೇಲಿಯ ಬಯಲಿನಲ್ಲಿ ಮನುಷ್ಯರ ಮುಖವನ್ನೇ ಕಾಣದಂತೆ ಮರಿಗಳನ್ನು ಬೆಳೆಸಿ, ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಅವನ್ನು ಮನುಷ್ಯರೊಡನೆ ಆಡಲು ಬಿಟ್ಟರು. ಹದಿನಾಲ್ಕು ವಾರದವರೆಗೆ ಮನುಷ್ಯರನ್ನೇ ಕಾಣದೆ ಬೆಳೆದ ಮರಿಗಳು ಆಮೇಲೆ ಎಷ್ಟು ಪಳಗಿಸಿದರೂ ಕಾಡುಮೃಗಗಳಂತೆ ಹೆದರಿ ಓಡುತ್ತಿದ್ದವು. ಹೊಸ ಮನೆಗೆ ಬರುವ ಎಂಟು ವಾರದ ಮರಿ ಈ ಅವಧಿಯ ನಟ್ಟನಡುವೆ ಇದೆ. ಹಳೆಯ ನಂಟುಗಳು ಗಟ್ಟಿಯಾಗಿವೆ, ಹೊಸವು ಇನ್ನೂ ಬೆಸೆದುಕೊಂಡಿಲ್ಲ. ಅಪರಿಚಿತ ಸ್ಥಳದಲ್ಲಿ ಒಂಟಿಯಾಗಿ ಬಿಟ್ಟರೆ ಪರಿಚಿತ ಸ್ಥಳದಲ್ಲಿ ಬಿಟ್ಟುದಕ್ಕಿಂತ ಮರಿಗಳು ಬಹಳ ಹೆಚ್ಚಾಗಿ ಕೂಗುತ್ತವೆಂಬುದನ್ನೂ ಎಲಿಯಟ್ ಮತ್ತು ಸ್ಕಾಟ್ ಎಣಿಸಿ ತೋರಿಸಿದರು. ನಾವು ಮೊದಲ ರಾತ್ರಿ ಕಾಳಿಗೆ ಒದಗಿಸಿದ್ದು ಅಪರಿಚಿತ ಸ್ಥಳ, ಒಂಟಿತನ ಎರಡನ್ನೂ ಒಟ್ಟಿಗೆ.

ಮುಂದೆ 1977ರಲ್ಲಿ ಸ್ಕಾಟ್ ಮತ್ತು ಅವರ ಸಂಗಡಿಗರು, ಅಗಲಿಕೆಯಲ್ಲಿ ಅಳುವ ಮರಿಯನ್ನು ಯಾವುದು ಸಂತೈಸುತ್ತದೆಂದು ಪರೀಕ್ಷಿಸಿದರು. ಆಹಾರ ಕೊಟ್ಟರು, ಆಟಿಕೆ ಕೊಟ್ಟರು, ಮೆತ್ತನೆಯ ಬಟ್ಟೆ ಕೊಟ್ಟರು, ಕನ್ನಡಿ ಇಟ್ಟರು. ಆಹಾರದಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಬಟ್ಟೆ, ಕನ್ನಡಿಗಳಿಂದ ಸ್ವಲ್ಪ ಉಪಶಮನವಾಯಿತು. ಎಲ್ಲಕ್ಕಿಂತ ಹೆಚ್ಚು ಫಲಕಾರಿಯಾದದ್ದು ಮನುಷ್ಯನ ಸಾಮೀಪ್ಯ. ಮರುವರ್ಷ ಯಾಕ್ ಪ್ಯಾಂಕ್ಸೆಪ್ ಮತ್ತು ಸಂಗಡಿಗರು ಅತ್ಯಲ್ಪ ಪ್ರಮಾಣದ ಮಾರ್ಫೀನ್ ಕೊಟ್ಟಾಗ ಒಂಟಿ ಮರಿಗಳ ಕೂಗು ಗಣನೀಯವಾಗಿ ತಗ್ಗಿತೆಂದು ವರದಿ ಮಾಡಿದರು. ನೋವನ್ನು ಶಮನಗೊಳಿಸುವ ದ್ರವ್ಯವೇ ಅಗಲಿಕೆಯ ಅಳುವನ್ನೂ ಶಮನಗೊಳಿಸಿತು. ಮೆದುಳಿನಲ್ಲಿ ಮೈನೋವಿನ ದಾರಿಯೂ ಅಗಲಿಕೆಯ ದಾರಿಯೂ ಎಲ್ಲೋ ಒಂದುಗೂಡುತ್ತವೆಂದಾಯಿತು. ಮನೆಯಲ್ಲಿ ಯಾರೂ ಮರಿಗೆ ಮಾರ್ಫೀನ್ ಕೊಡಲು ಹೋಗಬೇಕಾಗಿಲ್ಲ! ಸಹವಾಸ ಮತ್ತು ಸ್ಪರ್ಶ ದೊರೆತಾಗ ಮೆದುಳು ತಾನೇ ಅಂಥ ದ್ರವ್ಯಗಳನ್ನು ಸ್ರವಿಸುತ್ತದೆ.

ಮನುಷ್ಯನಿಗೇ ಈ ಸ್ಥಾನ ಏಕೆ ಸಿಕ್ಕಿತು? ಜಪಾನಿನ ಅಜಾಬು ವಿಶ್ವವಿದ್ಯಾಲಯದ ನಾಗಸಾವಾ, ಕಿಕುಸುಯಿ ಮೊದಲಾದವರು 2015ರಲ್ಲಿ, ನಾಯಿಯೂ ಅದರ ಒಡೆಯನೂ ಪರಸ್ಪರ ಕಣ್ಣಿಟ್ಟು ನೋಡಿದ ಮೇಲೆ ಇಬ್ಬರಲ್ಲಿಯೂ ಆಕ್ಸಿಟೋಸಿನ್ ಎಂಬ ಸ್ರಾವ ಹೆಚ್ಚುತ್ತದೆಂದು ತೋರಿಸಿದರು. ತಾಯಿಗೂ ಹಸುಗೂಸಿಗೂ ನಂಟು ಬೆಸೆಯುವ ದ್ರವ್ಯವೇ ಇದು. ಕೈಯಲ್ಲೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ಜರ್ಮನಿಯ ಬಾನ್ ಬಳಿಯ ಓಬರ್‌ಕಾಸೆಲ್‌ನಲ್ಲಿ 1914ರಲ್ಲಿ ದೊರೆತ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜತೆಗೆ ಒಂದು ನಾಯಿಯ ಎಲುಬುಗಳೂ ಇದ್ದವು. ಕಾಲ ಸುಮಾರು 14,000 ವರ್ಷಗಳ ಹಿಂದೆ. ಆ ಎಳೆಯ ನಾಯಿಯ ಹಲ್ಲುಗಳಲ್ಲಿ ಕಾಯಿಲೆ ಬಿದ್ದ ಗುರುತುಗಳಿವೆ. ಯಾರೂ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನವೂ ಬದುಕುತ್ತಿರಲಿಲ್ಲವೆಂದು ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಅಳುವ ಮರಿಯ ಹತ್ತಿರ ಟಿಕ್ ಟಿಕ್ ಎನ್ನುವ ಗಡಿಯಾರ ಇಡಬೇಕು, ಅದು ತಾಯಿಯ ಎದೆಬಡಿತದಂತೆ ಕೇಳಿಸುತ್ತದೆ ಎಂಬ ಸಲಹೆಯೊಂದು ಬಹುಕಾಲದಿಂದ ಪ್ರಚಾರದಲ್ಲಿದೆ. ನಮ್ಮಲ್ಲಿದ್ದ ಹಳೆಯ ಕೀಲಿ ಗಡಿಯಾರವನ್ನು ಇಟ್ಟು ನೋಡಿದೆವು. ಕಾಳಿ ಅದನ್ನು ಕಚ್ಚಲು ನೋಡಿ, ಆಗದೆ, ಮತ್ತೆ ಅಳಲು ತೊಡಗಿತು. ವಿಶ್ರಾಂತಿಯಲ್ಲಿರುವ ಮಧ್ಯಮ ಗಾತ್ರದ ನಾಯಿಯ ಎದೆ ನಿಮಿಷಕ್ಕೆ ನೂರರ ಒಳಗೆ ಹೊರಗೆ ಬಡಿದುಕೊಳ್ಳುತ್ತದೆ. ಕೀಲಿ ಗಡಿಯಾರ ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಲ, ಎಂದರೆ ನಿಮಿಷಕ್ಕೆ ಮುನ್ನೂರು ಸಲ ಟಿಕ್ಕೆನ್ನುತ್ತದೆ. ಇಂಥ ಎದೆಬಡಿತವುಳ್ಳ ತಾಯಿಯನ್ನು ಕಂಡರೆ ಮರಿ ಗಾಬರಿಯಾಗಬೇಕಾದದ್ದೇ ನ್ಯಾಯ. ಅದಕ್ಕಿಂತ, ಮರಿ ತರುವಾಗ ತಾಯಿ ಮಲಗುತ್ತಿದ್ದ ಗೋಣಿಯ ಒಂದು ತುಂಡನ್ನು ಜತೆಗೆ ತರುವುದು ಲೇಸು. ನಾಯಿಯ ಪ್ರಪಂಚದಲ್ಲಿ ಮೂಗೇ ಪ್ರಧಾನ.

ಮರಿಯ ಕೂಗು ನಮಗೆ ಅಷ್ಟು ಅಸಹನೀಯವಾಗುವುದಕ್ಕೂ ಕಾರಣವಿದೆ. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಪ್ರಯೋಗಶಾಲೆಯಲ್ಲಿ ಅನುನಾದ ಕೊಳವೆಯ ಪ್ರಯೋಗ ಮಾಡಿದವರು ಲೆಕ್ಕ ಹಾಕಬಹುದು: ಸೆಕೆಂಡಿಗೆ ಸುಮಾರು 3,400 ಕಂಪನಗಳ ಧ್ವನಿಗೆ ಅದು ಅನುನಾದಗೊಳ್ಳುತ್ತದೆ. ಆ ನೆರೆಯ ಎತ್ತರದ ಶ್ರುತಿಗಳಿಗೆ ನಮ್ಮ ಕಿವಿ ಬಹು ಸೂಕ್ಷ್ಮ. ಚಿಕ್ಕ ಗಂಟಲಿನಿಂದ ಹೊರಡುವ ದನಿಯೂ ಸಹಜವಾಗಿ ಎತ್ತರದ್ದೇ. ಇದಲ್ಲದೆ ಬಿಟ್ಟು ಬಿಟ್ಟು ಕೇಳಿಬರುವ ದನಿಯ ಮೂಲವನ್ನು ಕತ್ತಲಲ್ಲೂ ಗುರುತಿಸುವುದು ಸುಲಭ. ತಾಯಿಯನ್ನು ಕರೆಯಲು ಇದಕ್ಕಿಂತ ತಕ್ಕ ಸಾಧನ ಬೇರೆ ಬೇಕಿಲ್ಲ. ನಿದ್ದೆಗೆಡುವ ನೆರೆಹೊರೆಯವರು ಪ್ರಕೃತಿಯ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ.

ಇಷ್ಟಾದರೂ ಹಿರಿಯರ ಎಚ್ಚರಿಕೆಯಲ್ಲಿ ಒಂದು ತಿರುಳಿದೆಯೆಂಬುದನ್ನು ಒಪ್ಪಿಕೊಳ್ಳಬೇಕು. ಎದ್ದು ಹೋದರೆ ಮರಿ ಅಳುವುದನ್ನೇ ಕಲಿಯುತ್ತದೆ ಎಂಬುದು ಅವರ ಭಯ. ಕಲಿಕೆಯ ಬಗ್ಗೆ ಫರ್ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರತಿ ಸಲವೂ ಬಹುಮಾನ ಸಿಗುವ ಅಭ್ಯಾಸಕ್ಕಿಂತ ಎಂದೋ ಒಮ್ಮೆ ಸಿಗುವ ಅಭ್ಯಾಸ ಬಿಡಿಸುವುದು ಕಷ್ಟವೆಂಬುದಕ್ಕೆ ಹೇರಳ ಪುರಾವೆಯಿದೆ. ಒಂದು ಗಂಟೆ ಕಿವಿ ಮುಚ್ಚಿಕೊಂಡಿದ್ದು, ಆಮೇಲೆ ತಡೆಯಲಾರದೆ ಎದ್ದು ಹೋಗುವವನು ಮರಿಗೆ ಕಲಿಸುವ ಪಾಠ "ಒಂದು ಗಂಟೆ ಅತ್ತರೆ ಬರುತ್ತಾರೆ" ಎಂಬುದು. ಮೊದಲ ರಾತ್ರಿ ನಾವು ಸರಿಯಾಗಿ ಇದನ್ನೇ ಮಾಡಿದ್ದೆವು. ಹಾಗಾಗಿ ಅಳುವವರೆಗೆ ಕಾಯದೆ ಮೊದಲಿನಿಂದಲೇ ಹತ್ತಿರ ಮಲಗಿಸಿಕೊಂಡು, ಅದರ ಭಯ ಇಳಿದಂತೆ ಕ್ರಮವಾಗಿ ದೂರ ಸರಿಸುವ ಮಾರ್ಗ ಹಿಡಿದೆವು.

ಎರಡನೆಯ ರಾತ್ರಿ ಪೆಟ್ಟಿಗೆ ಮಂಚದ ಪಕ್ಕದಲ್ಲೇ. ಅಳು ಹನ್ನೆರಡು ನಿಮಿಷ. ಉತ್ಸಾಹದಿಂದ ಮೂರನೆಯ ರಾತ್ರಿ ಒಮ್ಮೆಲೇ ಬಾಗಿಲ ಬಳಿಗೆ ಒಯ್ದೆವು. ಅಳು ಇಪ್ಪತ್ತು ನಿಮಿಷಕ್ಕೇರಿತು. ಮತ್ತೆ ಹಿಂದಕ್ಕೆ ತಂದು, ಅಲ್ಲಿಂದ ಮುಂದೆ ರಾತ್ರಿಗೊಂದು ಮೊಳದಂತೆ ಸರಿಸಿದೆವು. ಆರನೆಯ ರಾತ್ರಿಗೆ ಅದು ಮೂರು ನಿಮಿಷಕ್ಕಿಳಿಯಿತು. ನಡುವೆ ಎರಡು ಗಂಟೆಗೆ ಒಮ್ಮೆ ಏಳಲೇಬೇಕಾಗಿತ್ತು. ಎರಡು ತಿಂಗಳ ಮರಿಯ ಮೂತ್ರಕೋಶ ರಾತ್ರಿಯೆಲ್ಲ ತಡೆದುಕೊಳ್ಳಲಾರದು. ನಮ್ಮ ಬಾಟಲಿಯೂ ಅದೇ ಹೊತ್ತಿಗೆ 36 ಡಿಗ್ರಿಗೆ ಇಳಿಯುತ್ತಿತ್ತಾದ್ದರಿಂದ ಎರಡು ಕೆಲಸಗಳೂ ಒಂದೇ ಎಚ್ಚರದಲ್ಲಿ ಮುಗಿಯುತ್ತಿದ್ದವು. ಆ ಹೊತ್ತಿನಲ್ಲಿ ದೊಡ್ಡ ದೀಪ ಹಾಕಬಾರದು, ಮಾತನಾಡಿಸಬಾರದು, ಆಡಿಸಬಾರದು. ಹಿತ್ತಿಲಿಗೆ ಒಯ್ದು, ಕೆಲಸವಾದೊಡನೆ ತಂದು ಮಲಗಿಸಬೇಕು. ಇಲ್ಲವಾದರೆ ಎರಡು ಗಂಟೆ ಆಟದ ವೇಳೆಯೆಂದು ಮರಿ ತೀರ್ಮಾನಿಸಿಬಿಡುತ್ತದೆ.

ಇಲ್ಲಿ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ನಾಲ್ಕನೆಯ ದಿನ ಆಟವಾಡುತ್ತಿದ್ದಾಗ ಕಾಳಿಯ ಹಾಲುಹಲ್ಲು ತಾಗಿ ನಮ್ಮ ಮಗನ ಹೆಬ್ಬೆರಳು ಗೀರಿ ರಕ್ತ ಬಂದಿತು. ಅವನು ಅದನ್ನು ಸಂಜೆಯವರೆಗೆ ಬಚ್ಚಿಟ್ಟಿದ್ದನು. ನಾಯಿಯನ್ನು ವಾಪಸು ಕಳಿಸಿಬಿಡುತ್ತಾರೆಂಬ ಭಯ. ತಾಯಿನಾಯಿಗೆ ಚುಚ್ಚುಮದ್ದು ಹಾಕಿಸಿದ್ದು ಉಂಟೇ ಎಂದು ತೋಟದವರನ್ನು ಕೇಳಿದರೆ ಅವರಿಗೆ ನೆನಪಿರಲಿಲ್ಲ. ರೇಬೀಸ್ ರೋಗಕ್ಕೆ ಮರಿಯೆಂದೂ ದೊಡ್ಡದೆಂದೂ ಭೇದವಿಲ್ಲ, ಮುದ್ದಿನ ನಾಯಿಯೆಂದೂ ಇಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದಿಲ್ಲವೆಂದೇ ಹೇಳಬಹುದು. ಅದಕ್ಕೆ ಮುಂಚೆಯಾದರೆ ಸಕಾಲದ ಚಿಕಿತ್ಸೆಯಿಂದ ಖಂಡಿತವಾಗಿ ತಡೆಯಬಹುದು. ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಯಾವುದನ್ನೂ ಹಚ್ಚಕೂಡದು. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಗೊತ್ತುಮಾಡಿದ ದಿನಗಳಂದು ಒಂದನ್ನೂ ತಪ್ಪಿಸದೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹಳೆಯ ಹೆದರಿಕೆ ಈಗ ಅನಾವಶ್ಯಕ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗಿನದು ತೋಳಿಗೆ ಕೊಡುವಂಥದು. ನಮ್ಮ ಮಗನಿಗೆ ಎಲ್ಲ ಚುಚ್ಚುಮದ್ದುಗಳೂ ಆದವು. ಕಾಳಿಗೂ ಮೂರು ತಿಂಗಳು ತುಂಬಿದೊಡನೆ ಪಶುವೈದ್ಯರಲ್ಲಿ ಹಾಕಿಸಿದೆವು. ಮಕ್ಕಳು ಇಂಥ ಗಾಯವನ್ನು ಬಚ್ಚಿಡದಂತೆ ಮನೆಯಲ್ಲಿ ಮೊದಲೇ ಮಾತಾಗಿರಬೇಕು. ನಾವು ಆಡದೆ ಬಿಟ್ಟ ಮಾತು ಅದೊಂದು.

ಒಂಬತ್ತನೆಯ ರಾತ್ರಿ ಪೆಟ್ಟಿಗೆ ನಡುಮನೆಯಲ್ಲಿತ್ತು. ಹತ್ತು ಗಂಟೆಗೆ ದೀಪ ಆರಿಸಿ, ಕೈಯಲ್ಲಿ ಗಡಿಯಾರ ಹಿಡಿದು ಕುಳಿತೆವು. ಹತ್ತೂಕಾಲು ಆಯಿತು, ಹತ್ತೂವರೆ ಆಯಿತು, ಸದ್ದಿಲ್ಲ. ಮೌನದ ಮೇಲೆ ನಮಗೆ ಇನ್ನೂ ನಂಬಿಕೆ ಹುಟ್ಟಿರಲಿಲ್ಲವಾದ್ದರಿಂದ ಟಾರ್ಚಿನ ಗಾಜಿಗೆ ಬಟ್ಟೆ ಮುಚ್ಚಿ ಹೋಗಿ ನೋಡಿದೆವು. ನಮಗಿಂತ ಮುಂಚೆಯೇ ತಾಯಿಯವರು ಅಲ್ಲಿ ಬಂದು ನಿಂತಿದ್ದರು. ಕಾಳಿ ಬಾಟಲಿಗೆ ಬೆನ್ನು ಕೊಟ್ಟು, ನಾಲ್ಕು ಕಾಲನ್ನೂ ಚಾಚಿ, ಬಾಯಿ ತುಸು ತೆರೆದು ಮಲಗಿತ್ತು. ಉಸಿರಾಟ ನಿಮಿಷಕ್ಕೆ ಇಪ್ಪತ್ತೆರಡು. ಬಾಟಲಿ ಮುಟ್ಟಿ ನೋಡಿದೆವು. ಆ ಗಡಿಬಿಡಿಯಲ್ಲಿ ಅದಕ್ಕೆ ಬಿಸಿನೀರು ತುಂಬಿಸುವುದನ್ನೇ ಮರೆತಿದ್ದೆವು.